ಬೈಗೆ ಮೀನಿನಲ್ಲಿ ಎಣ್ಣೆಯೇ ಇಲ್ಲ ಅಂತಾರೆ ಅಮ್ಮ. ಕಡಲು ಬಿಸಿಯಾಗಿದ್ದಕ್ಕಾ?

ಗಂಗೊಳ್ಳಿ ಮಗಳು ಕೇಳಿದ್ದು:

ಕುಂದಾಪುರ ಕಡೆಯವಳು ನಾನು. ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿದ್ದೇನೆ. ಇಲ್ಲಿನ ಅಂಗಡಿಯಲ್ಲಿ ‘ಮತ್ತಿ’ ಅಂತ ಕೊಡುವ ಮೀನೇ ನಮ್ಮ ಬೈಗೆ. ಮಂಗಳೂರಿನವರಿಗೆ ಬೂತಾಯಿ, ಕಾರವಾರದವರಿಗೆ ತಾರ್ಲೆ. ಎಲ್ಲ ಒಂದೇ ಮೀನು, ಜಗಳ ಬೇಡ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮ ಹಿತ್ತಲ ಕಲ್ಲಿನ ಮೇಲೆ ಮೀನು ಶುಚಿ ಮಾಡುತ್ತಾ ಕೂತಿದ್ದರು. ಒಂದರ ಹೊಟ್ಟೆ ಬಿಡಿಸಿ ನನ್ನ ಮುಖದ ಹತ್ತಿರ ಹಿಡಿದು, “ಕಾಣ್, ಇದ್ರಗೆ ಎಂತ ಇತ್ತ್?” ಅಂದರು. ಏನೂ ಇರಲಿಲ್ಲ. ತೆಳ್ಳಗಿನ ಕರುಳು, ಅಷ್ಟೆ. ಮೊದಲೆಲ್ಲ ಈ ಹೊತ್ತಿಗೆ ಹೊಟ್ಟೆಯ ಒಳಗೋಡೆಗೆ ಬಿಳಿ ಕೊಬ್ಬು ಅಂಟಿಕೊಂಡಿರುತ್ತಿತ್ತು. ಕೈ ತೊಳೆದರೂ ಜಿಡ್ಡು ಹೋಗುತ್ತಿರಲಿಲ್ಲ. ನಮ್ಮಜ್ಜಿ ಕಾವಲಿಗೆ ಒಂದು ಹನಿ ಎಣ್ಣೆ ಹಾಕದೆ ಬೈಗೆ ಹುರಿಯುತ್ತಿದ್ದರು. ಅದು ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತಿತ್ತು. ಈ ಸಲ ಅಮ್ಮ ಹಾಗೆ ಇಟ್ಟು ನೋಡಿದರು. ಚರ್ಮ ಪೂರ್ತಿ ಕಾವಲಿಗೆ ಅಂಟಿ, ಎತ್ತಿದರೆ ಮುಳ್ಳು ಮಾತ್ರ ಬಂತು.

ಅಣ್ಣ “ಕಡಲು ಬಿಸಿಯಾಗಿದೆ, ಇನ್ನು ಬೈಗೆ ಕತೆ ಮುಗಿಯಿತು” ಅಂತಾನೆ. ಮಾವ “ಅದೆಲ್ಲ ಸುಮ್ನೆ, ಪರ್ಸೀನ್ ಬೋಟಿನವರು ಬಾಚಿದ್ದು” ಅಂತಾರೆ. ಪರ್ಸೀನ್ ಅಂದರೆ ಇಡೀ ಹಿಂಡನ್ನು ಸುತ್ತುವರಿದು ಎಳೆಯುವ ದೊಡ್ಡ ಬಲೆ. ಇಬ್ಬರೂ ಊಟದ ನಡುವೆ ಜೋರು ಮಾತಾಡಿಕೊಂಡರು. ನಿಜ ಯಾವುದು? ಕಡಲು ಬಿಸಿಯಾದರೆ ಮೀನು ಬಡಕಲಾಗುವುದು ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬಂದರುಕಟ್ಟೆ:

ಮಾವ ಹೇಳಿದ್ದೇ ಸರಿ. ಬೆರಳುದ್ದದ ಮರಿ ಹಿಡಿದು ಫಿಶ್‌ಮೀಲ್ (ಮೀನುಪುಡಿ) ಕಾರ್ಖಾನೆ ಲಾರಿಗೆ ತುಂಬಿದರೆ ಎಣ್ಣೆ ಎಲ್ಲಿಂದ ಬರಬೇಕು? ಹವಾಮಾನದ ಮೇಲೆ ಹಾಕಿಬಿಟ್ಟರೆ ಯಾರ ತಪ್ಪೂ ಇಲ್ಲ ಅಂತಾಯ್ತು, ಅಲ್ವಾ.

ನೀರುಬಾಟ್ಲಿ:

ನಿಮ್ಮ ಅಣ್ಣನದೂ ಅರ್ಧ ಸರಿ, ಮಾವನದೂ ಅರ್ಧ ಸರಿ. ಮೂರು ವರ್ಷ ಒಂದು ಪ್ರಾಜೆಕ್ಟಿನಲ್ಲಿ ಬಾಡಿಗೆ ಟ್ರಾಲ್ ಬೋಟ್ ಹತ್ತಿ ನಮ್ಮ ಕರಾವಳಿಯ ನೀರು ತುಂಬಿಕೊಂಡು ಬರುವ ಕೆಲಸ ಮಾಡಿದವನು ನಾನು. ವಿಜ್ಞಾನಿ ಅಲ್ಲ, ಬಾಟ್ಲಿ ಹಿಡಿಯುವವನು. ಮೊದಲ ಆರು ತಿಂಗಳು ವಾಂತಿ ಮಾಡಿದ್ದೇ ಜಾಸ್ತಿ.

ಮೊದಲು ಎಣ್ಣೆ ಎಲ್ಲಿಂದ ಬರುತ್ತದೆ ನೋಡಿ. ಬೈಗೆ ಮೊಟ್ಟೆ ಇಡುವುದು ಮುಖ್ಯವಾಗಿ ಮಳೆಗಾಲದಲ್ಲಿ. ಆಮೇಲೆ ತಿಂದು ದಪ್ಪಗಾಗುತ್ತದೆ. ತಿನ್ನುವುದು ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಪಾಚಿ ಮತ್ತು ಹುಳ. ಆ ಪಾಚಿಗೂ ಗೊಬ್ಬರ ಬೇಕು. ಗೊಬ್ಬರ ಇರುವುದು ಕೆಳಗಿನ ತಣ್ಣೀರಿನಲ್ಲಿ, ಬಿಸಿಲು ಇರುವುದು ಮೇಲೆ. ಮಳೆಗಾಲದ ಗಾಳಿ ನಮ್ಮ ಮತ್ತು ಕೇರಳದ ಕರಾವಳಿಗುಂಟ ಬಡಗಿನಿಂದ ತೆಂಕಿಗೆ ಬೀಸುತ್ತದಲ್ಲ, ಅದಕ್ಕೆ ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ಕೇರಳದ ತೆಂಕು ತುದಿಯಲ್ಲಿ ಮೊದಲು ಶುರು, ಆಮೇಲೆ ಮೆಲ್ಲಗೆ ನಮ್ಮ ಕಡೆಗೆ. ಸೆಪ್ಟೆಂಬರ್ ಹೊತ್ತಿಗೆ ಕಡಲು ಹಸಿರು ಹಸಿರು. ಬೈಗೆಗೆ ಅದೇ ಹಬ್ಬದೂಟ.

ಈಗ ನಿಮ್ಮನೆ ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಅದರ ತಣ್ಣೀರಿನ ಮೇಲೆ ಮೆಲ್ಲಗೆ ಬಿಸಿನೀರು ಸುರಿದು ಕೈ ಇಟ್ಟರೆ ಮೇಲೆ ಸುಡುವ ನೀರು, ಅಡಿಯಲ್ಲಿ ತಣ್ಣಗೆ. ತಂಬಿಗೆ ಹಾಕಿ ಕಲಕದೆ ಎರಡೂ ಬೇಗ ಸೇರುವುದಿಲ್ಲ. ಕಡಲಿಗೂ ಬಿಸಿ ಬರುವುದು ಮೇಲಿನಿಂದಲೇ. ಮೇಲಿನ ಪದರ ಬಿಸಿಯಾದಷ್ಟೂ ಹಗುರವಾಗುತ್ತದೆ, ಮುಚ್ಚಳದ ಹಾಗೆ ಕೂರುತ್ತದೆ. ಗಾಳಿ ಎಂಬ ತಂಬಿಗೆಗೆ ಅದನ್ನು ಕಲಕಲು ಜಾಸ್ತಿ ಬಲ ಬೇಕು. ಗೊಬ್ಬರ ಮೇಲೆ ಬರದಿದ್ದರೆ ಪಾಚಿ ಇಲ್ಲ, ಪಾಚಿ ಇಲ್ಲದಿದ್ದರೆ ಕೊಬ್ಬಿಲ್ಲ. ಅಮ್ಮ ನಿಮ್ಮ ಮುಖಕ್ಕೆ ಹಿಡಿದದ್ದು ಇದನ್ನೇ ಇರಬಹುದು. ಒಂದು ಮೀನು ನೋಡಿ ಖಡಾಖಂಡಿತ ಹೇಳಲಾಗದು, ಆದರೆ ದಾರಿ ಇದು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರ ಲೆಕ್ಕದಲ್ಲಿ 1950ರಿಂದ 2020ರ ನಡುವೆ ಹಿಂದೂ ಮಹಾಸಾಗರದ ಮೇಲ್ಮೈ ನೂರು ವರ್ಷಕ್ಕೆ 1.2 ಡಿಗ್ರಿಯ ವೇಗದಲ್ಲಿ ಬಿಸಿಯಾಗಿದೆ. ಒಂದು ಡಿಗ್ರಿ ಎಂದರೆ ನಮಗೆ ಫ್ಯಾನ್ ಒಂದು ನಂಬರ್ ಜಾಸ್ತಿ ಇಟ್ಟ ಹಾಗೆ. ಬೈಗೆಗೆ ಹಾಗಲ್ಲ. ಅದಕ್ಕೆ ಹಿತ ಅನಿಸುವುದು 27–28 ಡಿಗ್ರಿ ಆಸುಪಾಸು. ಮೇ ತಿಂಗಳಲ್ಲಿ ನಮ್ಮ ಕಡಲು 30 ದಾಟುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಅದು ನೀರಿನೊಳಗಿನ ಉಸಿರು.

ನೀರಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಹಳೆಯ ವಿಧಾನವೊಂದಿದೆ, ವಿಂಕ್ಲರ್ ವಿಧಾನ. ಗಾಜಿನ ಸಣ್ಣ ಬಾಟ್ಲಿಗೆ ಒಂದು ಗುಳ್ಳೆಯೂ ಇಲ್ಲದಂತೆ ನೀರು ತುಂಬಬೇಕು. ಎರಡು ದ್ರಾವಣ ಹಾಕಿ, ಬಿರಡೆ ಒತ್ತಿ, ತಲೆಕೆಳಗೆ ಮಾಡಿ ಕುಲುಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ. ಒಂದು ಅಕ್ಟೋಬರ್‌ನಲ್ಲಿ ಕಾರವಾರದ ಆಚೆ ಮೂವತ್ತು ಮೀಟರ್ ಆಳದ ಜಾಗದಲ್ಲಿ ನಿಂತಿದ್ದೆವು. ಮೇಲಿನ ನೀರಿನ ಬಾಟ್ಲಿ ಫಿಲ್ಟರ್ ಕಾಫಿ ಬಣ್ಣಕ್ಕೆ ತಿರುಗಿತು. ಹತ್ತು ಮೀಟರ್‌ನದು ತಿಳಿ ಚಹಾ. ತಳದ ಬಾಟ್ಲಿ ಕುಲುಕಿದೆ, ಹಾಲಿನ ಹಾಗೆ ಬಿಳಿಯಾಗಿ ನಿಂತುಬಿಟ್ಟಿತು. ಔಷಧ ಹಾಕಿದ್ದು ತಪ್ಪಾಯಿತೇನೋ ಅಂತ ಮತ್ತೆ ತುಂಬಿದೆ. ಮತ್ತೂ ಬಿಳಿ. ಬಿರಡೆ ತೆಗೆದಾಗ ಕೊಳೆತ ಮೊಟ್ಟೆ ನಾತ. ಹೈಡ್ರೋಜನ್ ಸಲ್ಫೈಡ್ ಅದು. ಬೋಟು ನಡೆಸುವ ತಂಡೇಲರು ಹಿಂದಿನಿಂದ ಬಗ್ಗಿ ನೋಡಿ, “ಇದಕ್ಕೇ ಈ ಸಮಯದಲ್ಲಿ ಅಡಿ ಬಲೆಗೆ ಏನೂ ಬೀಳೋದಿಲ್ಲ” ಅಂದರು. ಅವರಿಗೆ ಬಾಟ್ಲಿ ಇಲ್ಲದೆಯೇ ಗೊತ್ತಿತ್ತು.

ಇದಕ್ಕೂ ಕಾರಣ ಅದೇ ತಣ್ಣೀರು! ಅರಬ್ಬಿ ಸಮುದ್ರದ ನಡುಪದರ, ಸುಮಾರು 150–200 ಮೀಟರ್‌ನಿಂದ 1000 ಮೀಟರ್ ಆಳದವರೆಗೆ, ಮೊದಲಿಂದಲೂ ಉಸಿರು ಕಡಿಮೆ ಇರುವ ನೀರು. ಜಗತ್ತಿನಲ್ಲೇ ಅತಿ ದಪ್ಪದ ಅಂಥ ಪದರಗಳಲ್ಲಿ ಒಂದು. ಮಳೆಗಾಲದಲ್ಲಿ ಏರಿ ಬರುವ ನೀರು ಗೊಬ್ಬರ ತರುತ್ತದೆ, ಜೊತೆಗೆ ಆ ಉಸಿರುಗಟ್ಟುವಿಕೆಯನ್ನೂ ತರುತ್ತದೆ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಉಳಿದ ಆಮ್ಲಜನಕವೂ ಖಾಲಿ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ನಮ್ಮ ಪಶ್ಚಿಮ ಕರಾವಳಿಯ ಈ ಸ್ಥಿತಿಯ ಬಗ್ಗೆ 2000ದಲ್ಲೇ ಬರೆದಿದ್ದಾರೆ. ಬಿಸಿನೀರಿಗೆ ಆಮ್ಲಜನಕ ಹಿಡಿದಿಡುವ ಶಕ್ತಿ ಕಡಿಮೆ. ಮುಚ್ಚಳ ಗಟ್ಟಿಯಾದರೆ ಮೇಲಿನ ಗಾಳಿಯೂ ಕೆಳಗೆ ಇಳಿಯುವುದಿಲ್ಲ.

ಬಂದರುಕಟ್ಟೆಯವರಿಗೆ: ನಿಮ್ಮ ಮಾತು ತೆಗೆದುಹಾಕುತ್ತಿಲ್ಲ. ಆದರೆ 1940ರ ದಶಕದಲ್ಲೂ ಬೈಗೆ ಹೀಗೇ ಮಾಯವಾಗಿತ್ತು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮರಿ ಮತ್ತು ಮೊಟ್ಟೆ ಮೀನು ಹಿಡಿಯಬಾರದು ಎಂದು 1943ರಲ್ಲಿ ಮದ್ರಾಸ್ ಸರ್ಕಾರ ನಿರ್ಬಂಧವನ್ನೇ ತಂದಿತು. ಆಗ ಪರ್ಸೀನ್ ಎಲ್ಲಿತ್ತು? ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಅದು. ಈ ಮೀನಿನ ಆಯುಷ್ಯವೇ ಎರಡೂವರೆ ವರ್ಷದ ಸುತ್ತಮುತ್ತ, ಎರಡು ಮಳೆಗಾಲ ಕೈಕೊಟ್ಟರೆ ಒಂದು ತಲೆಮಾರೇ ಇಲ್ಲ. ಕೇರಳದ ಲೆಕ್ಕ ನೋಡಿ. 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ. 2015–16ರ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಹೊತ್ತಿಗೆ ಕುಸಿತ. 2021ರಲ್ಲಿ ಬರೀ 3,297 ಟನ್. 2024ರಲ್ಲಿ ಮತ್ತೆ ಒಂದೂವರೆ ಲಕ್ಷ ಟನ್ ಹತ್ತಿರ. ಹಾಗಾಗಿ ‘ಕತೆ ಮುಗಿಯಿತು’ ಅನ್ನುವ ಅಣ್ಣನ ಮಾತನ್ನೂ ಒಪ್ಪಲಾರೆ. ಬೈಗೆ ಮೊದಲಿಂದಲೂ ಉಯ್ಯಾಲೆ ಮೀನು. ಕಡಲಿನ ಬಿಸಿ ಮಾಡಿದ್ದು ಏನೆಂದರೆ ಉಯ್ಯಾಲೆಯನ್ನು ಇನ್ನೂ ಜೋರಾಗಿ ತಳ್ಳಿದ್ದು. ಇಳಿದ ವರ್ಷ ನಾವು ಮರಿ ಬಾಚಿದರೆ ಅದು ವಾಪಸ್ ಏರುವುದು ತಡ.

ಪರ್ಸೀನ್ ಹಳಬ:

ಮೂವತ್ತು ವರ್ಷ ಬೋಟಿನಲ್ಲಿದ್ದೆ. ಈಗ ಮೊಣಕಾಲು ಬಿಟ್ಟಿದೆ, ದಡದಲ್ಲಿ ಬಲೆ ಹೊಲಿಯುತ್ತೇನೆ. ಮೊಬೈಲಲ್ಲಿ ಬರೆಯಲು ಮಗ ಕಲಿಸಿದ್ದಾನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಬೈಗೆ ಹುಡುಕುತ್ತಿದ್ದದ್ದು ಕಣ್ಣಿನಿಂದ. ಹಗಲು ನೀರಿನ ಬಣ್ಣ, ಹಕ್ಕಿ. ರಾತ್ರಿ ಕತ್ತಲು ಪಕ್ಷದಲ್ಲಿ ನೀರೊಳಗೆ ಬೆಳಕು ಒಡೆಯುತ್ತದೆ, ಹಿಂಡು ತಿರುಗಿದರೆ ಹೊಗೆ ತಿರುಗಿದ ಹಾಗೆ ಕಾಣುತ್ತದೆ. ಈಗ ಹೈದರಾಬಾದಿನಿಂದ ಉಪಗ್ರಹ ನೋಡಿ ಎಲ್ಲಿ ಮೀನು ಸಿಗಬಹುದು ಅಂತ ಹೇಳುತ್ತಾರೆ. ಒಳ್ಳೆಯದೇ. ಆದರೆ ಮೋಡ ಮುಸುಕಿದರೆ ಅದಕ್ಕೂ ಕಾಣುವುದಿಲ್ಲ.

ನಮ್ಮ ಹಿರಿಯರು ಮಳೆಗಾಲದ ಮೊದಲಲ್ಲಿ ತೂಫಾನ್ ಆಗಲಿ ಅಂತ ಕಾಯುತ್ತಿದ್ದರು. ತೂಫಾನ್ ಆಗಿ ಕಡಲು ಅಡಿಮೇಲಾದರೆ ನಾಡದೋಣಿಗೆ ಮೀನು. ಬಾಟ್ಲಿಯವರು ಹೇಳಿದ ತಂಬಿಗೆ ಕಲಕುವುದು ಇದೇ ಇರಬೇಕು ಅಂತ ಓದುವಾಗ ಅನಿಸಿತು. ಈಗ ಕೆಲವು ವರ್ಷ ತೂಫಾನೇ ಸರಿಯಾಗಿ ಆಗುವುದಿಲ್ಲ. ಬೇಡದ ಹೊತ್ತಲ್ಲಿ ಚಂಡಮಾರುತ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತಲ್ಲ, ಜೂನ್ ಒಂದರಿಂದ ಶುರುವಾಗುವ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಮುಂಚಿನ ಕೊನೆಯ ಎರಡು ಟ್ರಿಪ್ ನಮಗೆ ಹೋಯಿತು. ಡೀಸೆಲ್ ಸಾಲ ಮಾತ್ರ ಉಳಿಯಿತು.

ಬಂಗುಡೆ ಮೊದಲು ಮೇಲೆ ಆಡುವ ಮೀನು. ಈಗ ಅಡಿ ಎಳೆಯುವ ಟ್ರಾಲ್ ಬೋಟಿನವರಿಗೂ ಬೀಳುತ್ತದೆ. ಮೇಲೆ ಸೆಖೆ, ಕೆಳಗೆ ಇಳಿದಿರಬೇಕು. ಬೈಗೆ ಬದಲು ಕೆಲವು ವರ್ಷ ಬಲೆ ತುಂಬ ಕಾರ್ಗಿಲ್ ಮೀನು. ಕಪ್ಪು ನೀಲಿ ಬಣ್ಣ, ಚರ್ಮ ತೊಗಲಿನ ಹಾಗೆ, ಹಲ್ಲು ಬೇರೆ. ಊಟಕ್ಕೆ ಯಾರೂ ಕೇಳುವುದಿಲ್ಲ, ಫಿಶ್‌ಮೀಲಿಗೇ ಹೋಗಬೇಕು.

ಮರಿ ಹಿಡಿದದ್ದು ಹೌದು. ನಾನೂ ಹಿಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಂದು ವರ್ಷ ನಾಲ್ಕು ಇಂಚು ಕೂಡ ಇಲ್ಲದ ಬೈಗೆ ಇಡೀ ಬೋಟು ತುಂಬಿತು. ಬಂದರಲ್ಲಿ ತಿನ್ನಲು ಯಾರೂ ತೆಗೆದುಕೊಳ್ಳಲಿಲ್ಲ. ಲಾರಿಯವನು ಕೆಜಿಗೆ ಹತ್ತಿಪ್ಪತ್ತು ರೂಪಾಯಿ ಅಂದ, ಕೊಟ್ಟೆವು. ಅವತ್ತು ಮೂವತ್ತು ಜನರ ಪಾಲು ಹಂಚಿದಾಗ ಕೈಗೆ ಬಂದದ್ದು ಮನೆಗೆ ಒಂದು ವಾರದ ಅಕ್ಕಿ. ಅದೇ ಮೀನು ಮೂರು ತಿಂಗಳು ಬಿಟ್ಟಿದ್ದರೆ ಅಂತ ಈಗ ಲೆಕ್ಕ ಹಾಕುತ್ತೇನೆ. ಆದರೆ ನಾವು ಬಿಟ್ಟರೆ ಪಕ್ಕದ ಬೋಟು ಬಿಡುತ್ತಿರಲಿಲ್ಲ. ಅದೊಂದು ಸರಿಯಾಗದೆ ಉಳಿದದ್ದು ಸರಿಯಾಗುವುದಿಲ್ಲ.

ಬಂದರುಕಟ್ಟೆ:

ಹಳಬರೇ, ಒಪ್ಪಿದೆ. ನಾನು ಐಸ್ ವ್ಯಾಪಾರದವನು, ಬೋಟಿನ ಕಷ್ಟ ದಡದಿಂದ ಕಾಣುವುದಿಲ್ಲ. 1943ರ ವಿಷಯ ಗೊತ್ತಿರಲಿಲ್ಲ.

ಗಂಗೊಳ್ಳಿ ಮಗಳು:

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಪೂರ್ತಿ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಹಂಡೆ ವಿಷಯ ಬಂದಾಗ “ಹೌದಲ್ದಾ” ಅಂದರು. ಬಿಳಿ ಬಾಟ್ಲಿ ವಿಷಯಕ್ಕೆ ಸುಮ್ಮನಾದರು. ಒಂದು ಪ್ರಶ್ನೆ: ಅಂಗಡಿಯಲ್ಲೇ ಎಣ್ಣೆ ಇರುವ ಬೈಗೆ ಗುರುತಿಸುವುದು ಹೇಗೆ?

ನೀರುಬಾಟ್ಲಿ:

ಇದಕ್ಕೆ ನನಗಿಂತ ನಿಮ್ಮಮ್ಮನೇ ಸರಿ. ನಾನು ಮಾಡುವುದು ಇಷ್ಟೆ: ಬಾಲ ಹಿಡಿದು ಎತ್ತಿ, ಹೊಟ್ಟೆ ಕೆಳಭಾಗ ಬೆರಳಲ್ಲಿ ಮೆಲ್ಲಗೆ ಒತ್ತುತ್ತೇನೆ. ದುಂಡಗೆ, ಬಿಗಿಯಾಗಿದ್ದರೆ ತಗೊಳ್ಳಿ. ತಲೆ ದೊಡ್ಡದು ಮೈ ಸಣ್ಣದು ಅನಿಸಿದರೆ ಬಿಡಿ. ಬೆರಳುದ್ದದ್ದು ಬುಟ್ಟಿಯಲ್ಲಿ ಕಂಡರೆ ಅಗ್ಗ ಅಂತ ಕೊಳ್ಳಬೇಡಿ.

ಗಂಗೊಳ್ಳಿ ಮಗಳು:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊನ್ನೆ ಅಮ್ಮ ಪುನಃ ಎಣ್ಣೆ ಹಾಕದೆ ಕಾವಲಿ ಮೇಲೆ ಇಟ್ಟು, ವಿಡಿಯೋ ಕಾಲ್ ಮಾಡಿ ತೋರಿಸಿದರು. ನಾಲ್ಕು ಬೈಗೆ. ಎರಡು ಸಲೀಸಾಗಿ ಮಗುಚಿ ಬಿದ್ದವು. ಮೂರನೆಯದರ ಬಾಲ ಅಂಟಿತು. ನಾಲ್ಕನೆಯದನ್ನು ಕೆರೆದು ಬೆಕ್ಕಿಗೆ ಹಾಕಿದರು.