ಊರೊಳಗೆ ಸರಿ ಇರುತ್ತದೆ, ಹೈವೇಯಲ್ಲಿ ಕಾರು ಹೀಟ್ ಆಗುತ್ತದೆ. ಯಾಕೆ?

ವಿಜಯಪುರ_ಮಾಸ್ತರ:
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸಣ್ಣ ಪೆಟ್ರೋಲ್ ಕಾರು, 94,000 ಕಿ.ಮೀ. ಓಡಿದೆ. ಅವ್ವನ ಕಣ್ಣಿನ ಚಿಕಿತ್ಸೆಗೆ ಹದಿನೈದು ದಿನಕ್ಕೊಮ್ಮೆ ಬಾಗಲಕೋಟೆ ನವನಗರಕ್ಕೆ ಹೋಗಬೇಕು. ಹೋದ ಗುರುವಾರ ಕೊಲ್ಹಾರ ದಾಟಿ ಕೃಷ್ಣಾ ಸೇತುವೆ ಹತ್ತಿದೆ. ಎಸಿ ಹಾಕಿತ್ತು, 80ರ ಸ್ಪೀಡು. ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿ ಕೆಂಪು ಗೆರೆ ಮುಟ್ಟಿತು. ಹೇಗೋ ಸೇತುವೆ ದಾಟಿ ಕೊರ್ತಿ ಕಡೆ ನಿಲ್ಲಿಸಿದೆ. ಮಟಮಟ ಮಧ್ಯಾಹ್ನ. ಅವ್ವ ಕಣ್ಣಿಗೆ ಸೆರಗು ಅಡ್ಡ ಹಿಡಿದು ಜಾಲಿ ಗಿಡದ ಕೆಳಗೆ ಮುಕ್ಕಾಲು ಗಂಟೆ ಕೂತಳು. ಆವತ್ತಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಗಾಂಧಿ ಚೌಕದ ಟ್ರಾಫಿಕ್‌ನಲ್ಲಿ ಮುಳ್ಳು ಅರ್ಧದಲ್ಲೇ ಇರುತ್ತದೆ. ಫ್ಯಾನ್ ತಿರುಗುತ್ತದೆ. ಹದಿನೈದು ದಿನಕ್ಕೆ ರೇಡಿಯೇಟರಿನಲ್ಲಿ (ಇಂಜಿನ್ ನೀರು ತಂಪಾಗುವ ಜಾಲರಿ) ಒಂದು ಲೋಟ ನೀರು ಕಡಿಮೆಯಾಗುತ್ತದೆ, ಮನೆ ಬೋರಿನ ನೀರು ಹಾಕುತ್ತೇನೆ. ಒಬ್ಬ ಫಿಟ್ಟರ್ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲು) ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದರು. ಹೌದಾ?

ಬೀಳಗಿ_ರೈತ:
ಸರ್, ಮೊದಲು ರೇಡಿಯೇಟರ್ ಮುಂದೆ ಟಾರ್ಚ್ ಹಾಕಿ ನೋಡಿ. ನಮ್ಮ ಕಡೆ ಕಬ್ಬಿನ ರವದಿ, ಜೋಳದ ಹೊಟ್ಟು, ಎರೆ ಮಣ್ಣಿನ ಧೂಳು ಎಲ್ಲಾ ಸೇರಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ. ಇಂಜಿನ್ ಆರಿದ ಮೇಲೆ ಒಳಗಿನಿಂದ ಹೊರಗೆ ನೀರು ಬಿಡಿ. ಜೋರು ಪ್ರೆಷರ್ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಹೈವೇ_ಸವಾರ:
ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದು) ಕಿತ್ತು ಹಾಕಿಸಿ. ನಾನು ಎರಡು ವರ್ಷದಿಂದ ಹಾಗೇ ಓಡಿಸುತ್ತಿದ್ದೇನೆ.

ಜಮಖಂಡಿ_ಮಿಸ್ತ್ರಿ:
ಮಾಸ್ತರೇ, ಸದ್ಯಕ್ಕೆ ಹೆಡ್ ಬಿಚ್ಚಿಸಬೇಡಿ. ನಾನು 26 ವರ್ಷದಿಂದ ಗ್ಯಾರೇಜಿನಲ್ಲಿದ್ದೇನೆ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ.

ನಿಂತಾಗ ಹೀಟ್ ಆಗಿ ಓಡುವಾಗ ಇಳಿದರೆ ಫ್ಯಾನ್ ಕಡೆ ನೋಡಬೇಕು: ಮೋಟಾರು, ರಿಲೇ, ಫ್ಯೂಸ್. ನಿಮ್ಮದು ಉಲ್ಟಾ. 80ರಲ್ಲಿ ಗಾಳಿ ಬೇಕಾದಷ್ಟು ಸಿಗುತ್ತದೆ, ಆದರೂ ಏರುತ್ತಿದೆ. ಹೊರಗೆ ಕಸ ಇಲ್ಲ ಅಂದರೆ ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ ಅಂತ ಅರ್ಥ. ವಾಲ್ವ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲ ವಾಟರ್ ಪಂಪ್ ಸೋತಿದೆ, ಇಲ್ಲ ರೇಡಿಯೇಟರ್ ಚೋಕ್ ಆಗಿದೆ.

ಗ್ಯಾಸ್ಕೆಟ್ ಅನುಮಾನ ಮೊದಲು ಕಳೆಯೋಣ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣದ ನೊರೆ ಇದೆಯಾ? ಇಂಜಿನ್ ಚಾಲೂ ಇದ್ದಾಗ ಕೂಲೆಂಟ್ ಡಬ್ಬಿಯಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಾ? ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಾ? ಇವು ಯಾವುದೂ ಇಲ್ಲದಿದ್ದರೆ ಇಂಜಿನ್ ಬಿಚ್ಚುವ ಮಾತು ಈಗ ಬೇಡ.

ಆಮೇಲೆ ಗಾಡಿ ಬಿಸಿಯಾಗಲು ಬಿಟ್ಟು ಕೀ ತೆಗೆಯಿರಿ. ಫ್ಯಾನ್ ಹತ್ತಿರ ಕೈ ಒಯ್ಯಬೇಡಿ, ಕೆಲವು ಗಾಡಿಯಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ರೇಡಿಯೇಟರಿನ ಮೈಯನ್ನು ಕೈಗೆ ಸಿಕ್ಕಷ್ಟು ಕಡೆ ಬೆರಳ ತುದಿಯಿಂದ ಮುಟ್ಟಿ ನೋಡಿ. ಒಂದು ಕಡೆ ಸುಡುತ್ತದೆ, ಪಕ್ಕದಲ್ಲೇ ತಣ್ಣಗಿದೆ ಅಂದರೆ ಅಲ್ಲಿ ನಾಳ ಕಟ್ಟಿದೆ.

ನನಗೆ ನಿಮ್ಮ ಬೋರಿನ ನೀರಿನ ಮೇಲೇ ಅನುಮಾನ. ಸ್ನಾನದ ನೀರು ಕಾಯಿಸುವ ಕಾಯಿಲ್ ನೋಡಿದ್ದೀರಲ್ಲ, ಆರು ತಿಂಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ರೇಡಿಯೇಟರ್ ಒಳಗೆ ಅದೇ ಸವಳು ನೀರು, ಅದೇ ಸುಣ್ಣ. ಆದರೆ ಅಲ್ಲಿನ ನಾಳದ ಬಾಯಿ ಒಂದೆರಡು ಮಿಲಿಮೀಟರ್ ಅಷ್ಟೇ.

ಹಿಂದೆ ತಾಮ್ರ-ಹಿತ್ತಾಳೆ ರೇಡಿಯೇಟರ್ ಇದ್ದಾಗ ಬೆಸುಗೆ ಬಿಚ್ಚಿ, ಸಣ್ಣ ಪಟ್ಟಿ ಹಾಕಿ ಒಂದೊಂದೇ ನಾಳ ತೆಗೆದುಕೊಡುತ್ತಿದ್ದೆವು. ಕೈಗೆ ಒಳ್ಳೆ ಕೆಲಸ ಅದು. ಈಗಿನದು ಅಲ್ಯೂಮಿನಿಯಂ, ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕ್. ಆಸಿಡ್ ಹಾಕಿ ತೊಳೆಯುತ್ತೇವೆ ಅಂದರೆ ಒಪ್ಪಬೇಡಿ, ಅಲ್ಯೂಮಿನಿಯಂ ತಿನ್ನುತ್ತದೆ. ಜಾಸ್ತಿ ಕಟ್ಟಿದ್ದರೆ ಹೊಸದೇ ಹಾಕಬೇಕು.

ವಾಲ್ವ್ ಕಿತ್ತುಹಾಕುವ ಸಲಹೆ ದಯವಿಟ್ಟು ಯಾರೂ ಕೇಳಬೇಡಿ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಓಡುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸಿ. ತೆರೆಯುವ ಡಿಗ್ರಿ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ, 82 ಅಥವಾ 88 ಹೀಗೆ. ನೀರು ಕುದ್ದರೂ ಬಾಯಿ ಬಿಡಲಿಲ್ಲ ಅಂದರೆ ಹೊಸದು ಹಾಕಿ.

ಇನ್ನೊಂದು ಮಾತು. ಮತ್ತೆ ಮುಳ್ಳು ಏರಿದರೆ ತಕ್ಷಣ ಎಸಿ ಆಫ್, ಹೀಟರ್ ಫುಲ್ (ಇಂಜಿನ್ನಿನ ಬಿಸಿ ಅದರಿಂದ ಹೊರಗೆ ಹೋಗುತ್ತದೆ), ಬದಿಗೆ ನಿಲ್ಲಿಸಿ ಇಂಜಿನ್ ಆಫ್. ಆರುವ ತನಕ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಒಳಗೆ ಪ್ರೆಷರ್ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆರೆದ ಕ್ಷಣ ಮುಖಕ್ಕೆ ಹಾರುತ್ತದೆ. ನನ್ನ ಎಡಗೈ ಮೇಲೆ ಆ ಕಲೆ ಇನ್ನೂ ಇದೆ.

ವಿಜಯಪುರ_ಮಾಸ್ತರ:
ಮಿಸ್ತ್ರಿ ಕಾಕಾ, ನಿಮ್ಮ ಮಾತು ನಿಜವಾಯಿತು. ನೊರೆ ಇಲ್ಲ, ಗುಳ್ಳೆ ಇಲ್ಲ, ಹೊಗೆಯೂ ಇಲ್ಲ. ರೇಡಿಯೇಟರಿನ ಕೆಳಗಿನ ಅರ್ಧ ಕೈ ಇಡುವಷ್ಟು ತಣ್ಣಗಿತ್ತು. ಬಿಚ್ಚಿಸಿ ಹೋಸ್ ಬಾಯಿಗೆ ಬೆರಳು ಹಾಕಿದೆ, ಕಂದು ಬಣ್ಣದ ಹೆಕ್ಕಳಿಕೆ ಕಿತ್ತುಬಂತು. ವಾಲ್ವ್ ಕುದಿಸಿ ನೋಡಿದೆ, ಸರಿಯಾಗಿ ತೆರೆಯಿತು. ಹೋಸ್ ಕ್ಲಿಪ್ ಹತ್ತಿರ ಸಣ್ಣ ಸೋರಿಕೆ ಇತ್ತು, ಆ ಒಂದು ಲೋಟ ನೀರು ಅಲ್ಲೇ ಹೋಗುತ್ತಿತ್ತು. ಹೊಸ ರೇಡಿಯೇಟರ್, ಹೊಸ ಕ್ಲಿಪ್, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್. ಎಲ್ಲಾ ಸೇರಿ 5,600 ರೂಪಾಯಿ ಆಯಿತು.

ನಿನ್ನೆ ನವನಗರಕ್ಕೆ ಹೋಗಿ ಬಂದೆವು. ಎಸಿ ಹಾಕಿ 80ರಲ್ಲೇ ಹೋದೆ, ಸೇತುವೆ ಉದ್ದಕ್ಕೂ ಮುಳ್ಳು ಅರ್ಧ ಬಿಟ್ಟು ಕದಲಲಿಲ್ಲ. ಬರುವಾಗ ಕೊಲ್ಹಾರದಲ್ಲಿ ಅವ್ವ ತಾನೇ ನಿಲ್ಲಿಸು ಅಂದಳು. ಒಂದು ಗಡಿಗೆ ಮೊಸರು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡು ಮನೆ ತನಕ ಬಂದಳು.