ಇಂಗ್ಲಿಷ್ ಮೇಡಂ ಅವರನ್ನು ಕೇಳಿ: ಒಂದೇ ತರ ಕಾಣುವ ಮಾತುಗಳು

ಮಳೆಹನಿ: ಮೇಡಂ, ನಮ್ಮ ಮ್ಯಾನೇಜರ್‌ಗೆ ‘ಯು ಹ್ಯಾಡ್ ಬೆಟರ್ ಸೆಂಡ್ ದ ಫೈಲ್ ಟುಡೇ’ ಅಂತ ಮೇಲ್ ಹಾಕಿದೆ. ‘ಶುಡ್’ ಒರಟು, ಇದು ನಯ ಅಂದುಕೊಂಡಿದ್ದೆ. ‘ಈಸ್ ದಟ್ ಎ ಥ್ರೆಟ್?’ ಅಂತ ಒಂದೇ ಸಾಲು ವಾಪಸ್ ಬಂತು.

ಮೇಡಂ: ಮೊದಲು ಸಾರಿ ಕೇಳಿ, ‘ಕುಡ್ ಯು ಪ್ಲೀಸ್ ಸೆಂಡ್ ದ ಫೈಲ್ ಟುಡೇ?’ ಅಂತ ಇನ್ನೊಂದು ಮೇಲ್ ಹಾಕಿ. ಆಮೇಲೆ ಇದನ್ನು ಓದಿ.

‘ಬೆಟರ್’ ಇದೆ, ಹಾಗಾಗಿ ಸಲಹೆ. ‘ಹ್ಯಾಡ್’ ಇದೆ, ‘ಕುಡ್’, ‘ವುಡ್’ ತರ ನಯ. ಇದು ನಿಮ್ಮ ಲೆಕ್ಕ, ಅಲ್ವಾ? ಆದರೆ ಇಲ್ಲಿ ‘ಹ್ಯಾಡ್’ ಹಿಂದಿನ ಕಾಲವೂ ಅಲ್ಲ, ನಯವೂ ಅಲ್ಲ. ಈ ಮಾತಿನ ಬೆನ್ನಿಗೆ ‘ಇಲ್ಲದಿದ್ರೆ...’ ಅನ್ನೋದು ಅಂಟಿಕೊಂಡೇ ಇರುತ್ತದೆ. ‘ಇವತ್ತೇ ಕಳಿಸಿದರೆ ನಿಮಗೇ ಒಳ್ಳೇದು’ ಅಂತ ಹುಬ್ಬೇರಿಸಿ ಹೇಳಿದ ಹಾಗೆ. ‘ಶುಡ್’ ಇದಕ್ಕಿಂತ ಮೆತ್ತಗೆ. ‘ಇಟ್ ವುಡ್ ಬಿ ಬೆಟರ್ ಟು’ ಇನ್ನೂ ಮೆತ್ತಗೆ. ‘ಐ ಹ್ಯಾಡ್ ಬೆಟರ್ ಗೋ’ ಅಂತ ನಿಮಗೆ ನೀವೇ ಹೇಳಿಕೊಳ್ಳಿ, ತೊಂದರೆಯಿಲ್ಲ. ಗೆಳೆಯರಿಗೆ ‘ಯೂಡ್ ಬೆಟರ್ ಟೇಕ್ ಆನ್ ಅಂಬ್ರೆಲಾ’ ಅನ್ನಬಹುದು. ಇಲ್ಲದಿದ್ರೆ ನೆನೆಯೋದು ಅವರೇ. ಮೇಲಿನವರಿಗೆ ಮಾತ್ರ ಬೇಡ.

ಗುಬ್ಬಚ್ಚಿ: ‘ಸಿನ್ಸ್’, ‘ಫಾರ್’ ವ್ಯತ್ಯಾಸ?

ಮೇಡಂ: ಶುರುವಾದ ಹೊತ್ತಿಗೆ ಸಿನ್ಸ್: ಸಿನ್ಸ್ 2019. ಎಷ್ಟು ಕಾಲ ಅನ್ನೋದಕ್ಕೆ ಫಾರ್: ಫಾರ್ 3 ಇಯರ್ಸ್.

ಕಾಗದದ ದೋಣಿ: ‘ಫ್ಯೂ’ಗೂ ‘ಎ ಫ್ಯೂ’ಗೂ ಏನು ವ್ಯತ್ಯಾಸ ಮೇಡಂ?

ಹಳೇ ಸೈಕಲ್: ಒಂದು ಫಾರ್ವರ್ಡ್ ಬಂದಿದೆ, ‘ನಯವಾಗಿ ಮಾತಾಡಲು 50 ವಾಕ್ಯ’. ‘ಐ ಡೋಂಟ್ ಮೈಂಡ್’, ‘ಐ ಡೋಂಟ್ ಕೇರ್’ ಎರಡೂ ಒಂದೇ ಅಂತಿದೆ. ಸರೀನಾ?

ಮೇಡಂ: ದಯವಿಟ್ಟು ಡಿಲೀಟ್ ಮಾಡಿ. ‘ಇವತ್ತು ಹೋಗೋಣ್ವಾ, ನಾಳೆನಾ?’ ಅಂದವರಿಗೆ ಮೊದಲನೆಯದು ‘ಯಾವಾಗಾದ್ರೂ ಸರಿ’. ಎರಡನೆಯದು ‘ಏನಾದ್ರೂ ಮಾಡ್ಕೋ’. ಇಂಥ ಪಟ್ಟಿ ಉರು ಹೊಡೆದೇ ಜನ ಕೆಲಸಕ್ಕೆ ಕುತ್ತು ತಂದುಕೊಳ್ಳೋದು.

ಮಳೆಹನಿ: ನಾನೂ ಅದೇ ಪಟ್ಟಿ ನೋಡಿ ಬರೆದಿದ್ದು ಮೇಡಂ. 17ನೇ ವಾಕ್ಯ.

ನಿದ್ದೆಗಣ್ಣ: ಮೊದಲು, ಮೀಟಿಂಗ್ ನಿಗದಿಗಿಂತ ಮುಂಚೆ ಇಡೋದಕ್ಕೆ ‘ಪ್ರಿಪೋನ್’ ಅನ್ನೋದು ಬಿಡಿ ಎಲ್ಲರೂ. ಅದು ಇಂಗ್ಲಿಷೇ ಅಲ್ಲ.

ಹಳೇ ಸೈಕಲ್: ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ ಮಾರಾಯ್ರೇ.

ನಿದ್ದೆಗಣ್ಣ: ಡಿಕ್ಷನರಿಯಲ್ಲಿ ಬೈಗುಳವೂ ಇದೆ. ಅದನ್ನೂ ಮೇಲ್‌ನಲ್ಲಿ ಬರೀತೀರಾ?

ಹಳೇ ಸೈಕಲ್: ನಿಮಗಾದರೆ ಬರೀತೀನಿ.

ಮೇಡಂ: ಸಾಕು ಇಬ್ಬರೂ. ಭಾರತದ ಇಂಗ್ಲಿಷ್‌ನಲ್ಲಿ ‘ಪ್ರಿಪೋನ್’ ನಡೆಯುತ್ತದೆ. ಹೊರಗಿನವರಿಗೆ ‘ಬ್ರಿಂಗ್ ಫಾರ್ವರ್ಡ್’ ಬರೆಯಿರಿ.

ಬೆಳ್ಳಿಮೋಡ: ಮೇಡಂ, ‘ಸಿನ್ಸ್’ಗೂ ‘ಫಾರ್’ಗೂ...

ಮೇಡಂ: ಮೇಲೆ ನೋಡಿ.

ಮಳೆಹನಿ: ಮ್ಯಾನೇಜರ್ ಫೈಲ್ ಕಳಿಸಿದರು! ಕೊನೆಗೆ ‘ಯು ಹ್ಯಾಡ್ ಬೆಟರ್ ಚೆಕ್ ಇಟ್’ ಅಂತಿದೆ. ನಗಬೇಕಾ, ಹೆದರಬೇಕಾ?

ಮೇಡಂ: ಚೆಕ್ ಮಾಡಿ.

ಕಾಗದದ ದೋಣಿ: ನನ್ನ ‘ಎ ಫ್ಯೂ’?