ಎರಡು ಚಿಕ್ಕ ಟ್ರ್ಯಾಕ್ಟರ್, ಒಂದು ಹಳೇ ಕಾರು: ಒಂದೇ ಟ್ರೇಲರ್ ಸಾಕಾ?

ಹಳೇಚಕ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಚಿಕ್ಕ ಟ್ರ್ಯಾಕ್ಟರ್ ಇವೆ, ಜೊತೆಗೆ 1967ರ ಒಂದು ಸೆಡಾನ್ ಕಾರು. ಮೂರನ್ನೂ ಒಟ್ಟಿಗೆ ಸಾಗಿಸುವುದಿಲ್ಲ, ಒಂದು ಸಲಕ್ಕೆ ಒಂದೇ. ದೊಡ್ಡ ಟ್ರ್ಯಾಕ್ಟರ್ ತೂಕ ಪುಸ್ತಕದಲ್ಲಿ 850 ಕೆಜಿ ಅಂತ ಇದೆ. ಕಾರು 1,300 ಕೆಜಿ, ಉದ್ದ 4.6 ಮೀಟರ್, ನೆಲಕ್ಕೆ ತುಂಬಾ ಹತ್ತಿರ, ಮೂತಿ ಬೇರೆ ಉದ್ದ.

ಒಂದೇ ಆಕ್ಸಲ್‌ನ ಟ್ರೇಲರ್ ನೋಡಿ ಬಂದಿದ್ದೇನೆ. ಮಾರುವವರು "1,500 ಕೆಜಿ ಟ್ರೇಲರ್, ಆರಾಮಾಗಿ ಹೊರುತ್ತದೆ" ಅಂದರು. ರ್ಯಾಂಪ್ ಒಂದೂವರೆ ಮೀಟರ್ ಇದೆ. ತೆಗೆದುಕೊಳ್ಳಬಹುದಾ? ಅಥವಾ ಮುಚ್ಚಿದ ಪೆಟ್ಟಿಗೆ ತರಹದ್ದು ನೋಡಲಾ, ಮಳೆ ಧೂಳಿಗೆ ಕಾರು ಹಾಳಾಗಬಾರದು ಅಂತ?

ನಟ್‌ಬೋಲ್ಟ್:

ಬೇಡ ಸರ್, ದುಡ್ಡು ಕೊಡುವ ಮೊದಲು ಆ ಟ್ರೇಲರ್ ಮೇಲಿರುವ ತಗಡಿನ ಪಟ್ಟಿ ಓದಿ. 1,500 ಅನ್ನುವುದು ಸಾಮಾನ್ಯವಾಗಿ ಟ್ರೇಲರ್‌ನ ಸ್ವಂತ ತೂಕವೂ ಸೇರಿದ ಒಟ್ಟು ಮಿತಿ. ಟ್ರೇಲರ್ ಒಂದೇ 450 ಕೆಜಿ ಇದ್ದರೆ ನಿಮಗೆ ಉಳಿಯುವುದು 1,050. ಕಾರು ಅಲ್ಲಿಗೇ ಔಟ್.

ಟ್ರ್ಯಾಕ್ಟರ್ ಲೆಕ್ಕವೂ ತಪ್ಪಿದೆ. ಪುಸ್ತಕದ 850 ಅಂದರೆ ಬರೀ ಟ್ರ್ಯಾಕ್ಟರ್. ಮುಂದೆ ಮಣ್ಣು ಎತ್ತುವ ಲೋಡರ್ ಇದೆಯಾ? ಹಿಂದೆ ರೋಟವೇಟರ್? ಹಿಂದಿನ ಟೈರಿಗೆ ನೀರು ತುಂಬಿಸಿದ್ದೀರಾ? ಲೋಡರ್ 250, ರೋಟವೇಟರ್ 200, ಎರಡು ಟೈರಿನ ನೀರು ಒಂದು 140 ಅಂತ ಹಿಡಿದರೂ 1,440 ಆಯಿತು, ಡೀಸೆಲ್ ಮತ್ತು ಮಣ್ಣು ಬಿಟ್ಟು. ಸುಮ್ನೆ ಅಂದಾಜು ಮಾಡುವ ಬದಲು ಎಲ್ಲ ಕಟ್ಟಿಕೊಂಡು ಒಂದು ಸಲ ವೇ ಬ್ರಿಡ್ಜ್ ಮೇಲೆ ಹತ್ತಿಸಿ ಬನ್ನಿ.

ನನ್ನ ಪ್ರಕಾರ ನಿಮಗೆ ಬೇಕಿರುವುದು ಎರಡು ಆಕ್ಸಲ್, ಒಟ್ಟು ಮಿತಿ 2,700ರಿಂದ 3,000 ಕೆಜಿ, ಬ್ರೇಕ್ ಇರುವಂಥದ್ದು, ಡೆಕ್, ಅಂದರೆ ಗಾಡಿ ನಿಲ್ಲುವ ಹಲಗೆಯ ಉದ್ದ 5 ಮೀಟರ್. ಅದನ್ನು ಎಳೆಯುವ ಗಾಡಿ ನಿಮ್ಮಲ್ಲಿದೆಯಾ ಅನ್ನುವುದನ್ನು ಮೊದಲು ನೋಡಿ. ಗಾಡಿಯ ಪುಸ್ತಕದಲ್ಲಿ ಎಳೆಯುವ ಮಿತಿ ಒಂದು ಇರುತ್ತದೆ, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೆಳಮುಖವಾಗಿ ಬೀಳಬಹುದಾದ ಭಾರದ ಮಿತಿ ಬೇರೆ ಇರುತ್ತದೆ. ಎರಡನೆಯದನ್ನು ಯಾರೂ ನೋಡುವುದೇ ಇಲ್ಲ.

ಗ್ರೀಸ್‌ಗನ್:

ಮೇಲಿನವರು ತೂಕದ ವಿಷಯ ಸರಿಯಾಗಿ ಹೇಳಿದ್ದಾರೆ. ಆದರೆ ನಿಮಗೆ ನಿಜವಾಗಿ ತಲೆನೋವು ಕೊಡುವುದು ಕಾರು, ಅದೂ ರ್ಯಾಂಪ್ ಹತ್ತಿಸುವಾಗ. ಡೆಕ್ ನೆಲದಿಂದ 55 ಸೆಂಟಿಮೀಟರ್ ಎತ್ತರ, ರ್ಯಾಂಪ್ 1.5 ಮೀಟರ್ ಅಂದರೆ ಹೆಚ್ಚುಕಡಿಮೆ 21 ಡಿಗ್ರಿ ಏರು. ಟ್ರ್ಯಾಕ್ಟರ್ ಹತ್ತುತ್ತದೆ, ಉದ್ದ ಮೂತಿಯ ಹಳೇ ಕಾರು ಹತ್ತುವುದಿಲ್ಲ, ಬಂಪರ್ ಮೊದಲೇ ರ್ಯಾಂಪ್‌ಗೆ ಮುತ್ತು ಕೊಡುತ್ತದೆ. ಅದೇ ರ್ಯಾಂಪ್ 2.4 ಮೀಟರ್ ಇದ್ದರೆ 13 ಡಿಗ್ರಿಗೆ ಇಳಿಯುತ್ತದೆ. ಮೂತಿ ತಪ್ಪಿಸಿಕೊಂಡರೂ ರ್ಯಾಂಪ್ ಮುಗಿದು ಡೆಕ್ ಶುರುವಾಗುವ ಮೂಲೆಯಲ್ಲಿ ಹೊಟ್ಟೆ ತಾಗುತ್ತದೆ. ನನ್ನ ಸೈಲೆನ್ಸರ್ ಪೈಪ್ ಹೋಗಿದ್ದು ಹಾಗೇ.

ಅದಕ್ಕೇ ನಾನು ಡೆಕ್ ಪೂರ್ತಿ ಹಿಂದಕ್ಕೆ ವಾಲುವ ಟ್ರೇಲರ್‌ಗೆ ಬದಲಾದೆ. ಬೇರೆ ರ್ಯಾಂಪೇ ಇಲ್ಲ, ಹಲಗೆಯೇ ನೆಲಕ್ಕೆ ಬಾಗುತ್ತದೆ. ಚಕ್ರಗಳ ನಡುವಿನ ಅಗಲ ಕಾರಿಗೊಂದು, ಟ್ರ್ಯಾಕ್ಟರ್ ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಇರುತ್ತದಲ್ವಾ, ಎರಡು ಬಿಡಿ ರ್ಯಾಂಪ್ ಆದರೆ ಪ್ರತಿ ಸಲ ಜರುಗಿಸುತ್ತಾ ಕೂರಬೇಕು. ಇದರಲ್ಲಿ ಆ ಗೋಳಿಲ್ಲ. ತೂಕ ಮತ್ತು ಬೆಲೆ ಮಾತ್ರ ಸ್ವಲ್ಪ ಜಾಸ್ತಿ.

ಇನ್ನೊಂದು, ಮಡ್‌ಗಾರ್ಡ್. ಇದು ಅಂಗಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕಾರನ್ನು ಚೆಂದಾಗಿ ಹತ್ತಿಸಿ, ಇಂಜಿನ್ ಆಫ್ ಮಾಡಿ, ಬಾಗಿಲು ತೆಗೆಯಲು ಹೋದರೆ ಮಡ್‌ಗಾರ್ಡ್ ಅಡ್ಡ. ನಾನು ಮೊದಲ ಸಲ ಕಿಟಕಿಯಿಂದ ಇಳಿದೆ. ಅರ್ಧ ಇಳಿದೆ ಅನ್ನಬೇಕು, ಹೊಟ್ಟೆ ಸಿಕ್ಕಿಕೊಂಡು ಮಗ ಬಂದು ಎಳೆಯಬೇಕಾಯಿತು. ಬಿಚ್ಚಿ ಇಡಬಹುದಾದ ಮಡ್‌ಗಾರ್ಡ್ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿಸಿ ಕಾರನ್ನು ಮೇಲಕ್ಕೆ ಎಳೆಯಿರಿ. ಹಳೇ ಕಾರು ಎಲ್ಲಿ ಕೈಕೊಡುತ್ತದೋ ಗೊತ್ತಿಲ್ಲ, ವಿಂಚ್ ಹೇಗೂ ಬೇಕಾಗುತ್ತದೆ.

ದಾರಿಹೋಕ:

ಮುಚ್ಚಿದ ಟ್ರೇಲರ್ ಕಾರಿಗೆ ಚೆನ್ನ, ಒಪ್ಪುತ್ತೇನೆ. ಕಲ್ಲು ಸಿಡಿಯುವುದಿಲ್ಲ, ನೀರು ಬೀಳುವುದಿಲ್ಲ. ಆದರೆ ಟ್ರ್ಯಾಕ್ಟರ್‌ನ ರೋಲ್ ಬಾರ್ (ಉರುಳಿದರೆ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು) ಎತ್ತರ ಅಳೆದಿದ್ದೀರಾ? ತುಂಬಾ ಟ್ರೇಲರ್‌ಗಳ ಬಾಗಿಲಿಗಿಂತ ಅದೇ ಎತ್ತರ ಇರುತ್ತದೆ. ಮಡಚುವ ಬಾರ್ ಆದರೂ ಪ್ರತಿ ಸಲ ಪಿನ್ ಕಿತ್ತು ಮಡಚಿ ಹತ್ತಿಸುವುದು ನಾಲ್ಕು ದಿನಕ್ಕೆ ಬೇಜಾರಾಗುತ್ತದೆ. ಪೆಟ್ಟಿಗೆಯ ತೂಕದಿಂದ ಹೊರುವ ಮಿತಿ ಕಡಿಮೆಯಾಗುತ್ತದೆ, ಎದುರುಗಾಳಿಗೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ತೆರೆದದ್ದು ತೆಗೆದುಕೊಂಡು ಕಾರಿಗೆ ಒಳ್ಳೆ ಮೇಲುಹೊದಿಕೆ ಹೊಲಿಸಿ. ಬಿಗಿಯಾಗಿರಲಿ, ಸಡಿಲ ಹೊದಿಕೆ ಗಾಳಿಗೆ ಬಡಿದು ಬಡಿದು ಪೇಂಟ್ ಉಜ್ಜಿ ಹಾಕುತ್ತದೆ.

ನಟ್‌ಬೋಲ್ಟ್:

ಭಾರ ಎಲ್ಲಿ ಕೂರುತ್ತದೆ ಅನ್ನುವುದನ್ನು ಹೇಳಲು ಮರೆತೆ. ಭಾರ ಆಕ್ಸಲ್‌ಗಿಂತ ಹಿಂದಕ್ಕೆ ಹೋದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಆಮೇಲೆ ಅದು ಗಾಡಿಯನ್ನೇ ಎಳೆದಾಡುತ್ತದೆ. ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ಹಿಚ್ ಮೇಲೆ ಬೀಳಬೇಕು ಅಂತ ಲೆಕ್ಕ, ಹಿಚ್ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಮಿತಿ ದಾಟಬೇಡಿ.

ಕಾರಿಗೆ ಭಾರ ಇಂಜಿನ್ ಕಡೆ. ಟ್ರ್ಯಾಕ್ಟರ್‌ಗೆ ಹಿಂದೆ, ಅದರಲ್ಲೂ ರೋಟವೇಟರ್ ಇದ್ದರೆ. ಹಾಗಾಗಿ ಎರಡೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಸಮತಟ್ಟು ನೆಲದಲ್ಲಿ ಗಾಡಿಯಿಂದ ಬಿಡಿಸಿ, ಟ್ರೇಲರ್ ಮೂತಿಯನ್ನು ಮಾತ್ರ ತೂಕದ ಯಂತ್ರದ ಮೇಲೆ ಕೂರಿಸಿ ನೋಡಿ, ಸರಿಯಾದ ಜಾಗ ಸಿಕ್ಕ ಮೇಲೆ ಡೆಕ್ ಮೇಲೆ ಪೇಂಟ್‌ನಲ್ಲಿ ಗೆರೆ ಎಳೆದುಬಿಡಿ. ಕಾರಿಗೊಂದು ಬಣ್ಣ, ಟ್ರ್ಯಾಕ್ಟರ್‌ಗೊಂದು. ಹತ್ತಿಸುವಾಗ ಟ್ರೇಲರ್ ಹಿಂಭಾಗಕ್ಕೆ ಊರುಗಾಲು ಕೊಡಿ, ಇಲ್ಲದಿದ್ದರೆ ಎಲ್ಲ ಭಾರ ತುದಿಗೆ ಬಿದ್ದಾಗ ಎಳೆಯುವ ಗಾಡಿಯ ಹಿಂದಿನ ಚಕ್ರವೇ ಮೇಲೇಳುತ್ತದೆ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ.

ಕಟ್ಟುವಾಗ ಟ್ರ್ಯಾಕ್ಟರ್‌ಗೆ ಚೈನ್, ನಾಲ್ಕು ಮೂಲೆಗೂ, ಲೋಡರ್ ಬಕೆಟ್ ಡೆಕ್‌ಗೆ ತಾಗಿಸಿ ಅದಕ್ಕೂ ಒಂದು. ಕಾರಿಗೆ ಚೈನ್ ಬೇಡ. ಟೈರ್ ಸುತ್ತ ಬಿಗಿಯುವ ಬೆಲ್ಟ್ ಹಾಕಿ, ಕಾರು ಸ್ಪ್ರಿಂಗ್ ಮೇಲೆ ಕುಣಿದರೂ ಬೆಲ್ಟ್ ಸಡಿಲ ಆಗುವುದಿಲ್ಲ.

ಹಳೇಚಕ್ರ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟ್ರ್ಯಾಕ್ಟರ್ ತೂಕ ಹಾಕಿಸಿದೆ, 1,460. ಮನೆಯಲ್ಲಿ ಯಾರೂ ನಂಬಲಿಲ್ಲ. ಆ ಒಂದೇ ಆಕ್ಸಲ್‌ನದ್ದು ಬೇಡ ಅಂತ ಹೇಳಿ ಬಂದೆ. ಈಗ ಎರಡು ಆಕ್ಸಲ್‌ನ, ಡೆಕ್ ವಾಲುವ ಟ್ರೇಲರ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಒಟ್ಟು ಮಿತಿ 3,000, ಸ್ವಂತ ತೂಕ 900. ನನ್ನ ಪಿಕಪ್ ಎಳೆಯುವ ಮಿತಿಯೊಳಗೇ ಇದೆ. ಏನೇನು ನೋಡಬೇಕು?

ಗ್ರೀಸ್‌ಗನ್:

ಟೈರ್ ಸವೆದಿಲ್ಲ ಅಂತ ಮೋಸ ಹೋಗಬೇಡಿ. ನಿಂತೇ ಇರುವ ಟ್ರೇಲರ್‌ನಲ್ಲಿ ಟೈರ್ ಸವೆಯುವ ಮೊದಲು ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಹೊಸ ಟೈರ್‌ನ ದುಡ್ಡು ಬೆಲೆಯಲ್ಲಿ ಕಳೆಯಿರಿ. ಹಲಗೆಯನ್ನು ಮೇಲಿಂದ ನೋಡದೆ ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಕೊಳೆತಿದ್ದರೆ ಒಳಗೆ ಇಳಿಯುತ್ತದೆ. ಇಪ್ಪತ್ತು ಕಿಲೋಮೀಟರ್ ಎಳೆದು ನಿಲ್ಲಿಸಿ ನಾಲ್ಕೂ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ಹಿಡಿಯಿರಿ, ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಹೋಗಿದೆ ಅಥವಾ ಬ್ರೇಕ್ ಹಿಡಿದಿದೆ.

ಹಳೇಚಕ್ರ:

ಸ್ಟೆಪ್ನಿ ಕೊಡುತ್ತಿಲ್ಲ. ಬೇಕೇ ಬೇಕಾ?

ಗ್ರೀಸ್‌ಗನ್:

ಬೇಕು, ಟ್ರೇಲರ್ ಟೈರ್ ದಾರಿಯಲ್ಲಿ ಸಿಗುವುದಿಲ್ಲ. ಜ್ಯಾಕ್ ಇಲ್ಲದಿದ್ದರೂ ನಡೆಯುತ್ತದೆ. ನಟ್ ಮೊದಲು ಸ್ವಲ್ಪ ಸಡಿಲ ಮಾಡಿ, ಅದೇ ಪಕ್ಕದ ಚೆನ್ನಾಗಿರುವ ಚಕ್ರವನ್ನು ದಪ್ಪ ಮರದ ದಿಮ್ಮಿ ಮೇಲೆ ಹತ್ತಿಸಿ, ಪಂಕ್ಚರ್ ಆದದ್ದು ತಾನೇ ಮೇಲೇಳುತ್ತದೆ. ದಿಮ್ಮಿ ಒಂದನ್ನು ಡೆಕ್ ಮುಂದುಗಡೆ ಕಟ್ಟಿ ಇಟ್ಟಿರಿ.